ಮೊದಲನೇ ಎಲಿ ಒಲ್ಲೆ ಅಂದಾಂವ

ಒಂದು ಮಾತು ಮೊದಲೇ ಹೇಳಿಬಿಡತೇನಿ. ನಮ್ಮ ಹಾನಗಲ್ಲಿನ ಮಠದ ಸೇವಾ ಸಮಿತಿಗೆ ನನ್ನನ್ನ ಅಧ್ಯಕ್ಷ ಮಾಡ್ರಿ ಅಂತ ನಾ ಯಾರ ಮುಂದೂ ಬಾಯಿಬಿಟ್ಟು ಕೇಳಿದಾಂವಲ್ಲ. ಬಾಯಿ ಬಿಡದನ ಎಷ್ಟು ಕೇಳಬಹುದೋ ಅಷ್ಟು ಕೇಳಿದ್ದೆ, ಅದು ಬ್ಯಾರೆ ಮಾತು. ನಮ್ಮಪ್ಪ ಇಪ್ಪತ್ತೆರಡು ವರ್ಷ ಆ ಕುರ್ಚಿಮ್ಯಾಲೆ ಕುಂತಾಂವ. ಅವನ ಫೋಟೋ ಇನ್ನೂ ಮಠದ ಗ್ವಾಡಿಮ್ಯಾಲೆ ಅದ. ಅದರ ಬಾಜೂಕ ಒಂದು ಮೊಳಿ ಖಾಲಿ ಅದ. ಆ ಖಾಲಿ ಮೊಳಿ ನೋಡಿ ನೋಡಿ ನನಗ ಐವತ್ತೇಳು ವಯಸ್ಸಾತು.

ನನ್ನ ಹೆಸರು ಜಯತೀರ್ಥ. ಊರಾಗಿನ ಒಂದು ಸರಕಾರಿ ಕಚೇರಿಯೊಳಗ ಅಧೀಕ್ಷಕ ಇದ್ದೇನಿ. ಹೋದ ವರ್ಷ ಮಠದ ಹಳೇ ಅಧ್ಯಕ್ಷರು ಮೊಣಕಾಲು ನೋವಂತ ಬಿಟ್ಟರು. ಮುಂದ ಯಾರು ಅನ್ನೋ ಮಾತು ಬಂದಾಗ ಸಮಿತಿ ಕಾರ್ಯದರ್ಶಿ ಶ್ರೀರಾಮ, ಜಯತೀರ್ಥನ ಹತ್ರ ಎಲ್ಲಾ ಅದ, ವಿನಯ ಒಂದಿಲ್ಲ ಅಂದನಂತ. ಇದನ್ನ ನನಗ ಬಂದು ಹೇಳಿದವರು ಮೂರು ಮಂದಿ. ಮೂವರೂ ಬ್ಯಾಸರ ಮಾಡಕೋಬ್ಯಾಡ ಅಂತ ಹೇಳಿ, ಚಹಾ ಕುಡದು ಹೋದ್ರು. ವಿನಯ ಇಲ್ಲ ಅಂದ್ರ ಏನಾತು, ಇಲ್ಲದ್ದನ್ನ ತರಬೇಕು, ಅಷ್ಟ. ನಾ ಸರಕಾರಿ ಮನಷ್ಯಾ, ಇಲ್ಲದ ಕಾಗದಪತ್ರ ಹೆಂಗ ಹೊಂದಿಸಬೇಕಂತ ಗೊತ್ತಿದ್ದಾಂವ.

ಅದಕ್ಕ ಸರಿಯಾಗಿ ನಮ್ಮ ಇಲಾಖೆಯವರು ಧಾರವಾಡದಾಗ ಎರಡು ದಿನದ ನಾಯಕತ್ವ ತರಬೇತಿ ಇಟ್ಟರು. ಕೋಟು ಹಾಕಿಕೊಂಡ ಒಬ್ಬಾಂವ ಬಂದು, ಛೊಲೋ ನಾಯಕ ಆದಾಂವ ಹಿಂದಿನ ಕುರ್ಚಿಯೊಳಗ ಕೂಡಬೇಕು, ಎಲ್ಲಾರದೂ ಊಟ ಆದಮ್ಯಾಲೆ ಉಣಬೇಕು, ತನ್ನ ಕೈಯಿಂದ ಮಂದಿಗೆ ಬಡಿಸಬೇಕು, ತಾನಾಗೇ ಮೊದಲು ನಮಸ್ಕಾರ ಅನ್ನಬೇಕು ಅಂತ ಪಡದೆ ಮ್ಯಾಲೆ ಚಿತ್ರ ತೋರಿಸಿ ಹೇಳಿದ. ಆಮ್ಯಾಲೆ ಊಟದ ಹೊತ್ತಿಗೆ ಎಲ್ಲಾರಕಿಂತ ಮುಂದ ತಾಟು ಹಿಡಕೊಂಡು ನಿಂತಿದ್ದ. ಅದನ್ನ ನಾ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅಂವ ಹೇಳಿದ್ದೆಲ್ಲಾ ಕೆಂಪು ಶಾಯಿಯೊಳಗ ಬರಕೊಂಡು, ತಿರುಗಿ ಬರೋವಾಗ ಬಸ್ಸಿನ್ಯಾಗ ಎರಡು ಸಲ ಓದಿಕೊಂಡೆ. ಶಿಗ್ಗಾವಿ ದಾಟೋದರಾಗ ನಾ ವಿನಯವಂತ ಆಗಿದ್ದೆ.

ಮೊದಲು ಮನ್ಯಾಗ ಸುರು ಮಾಡಿದೆ. ಮರುದಿನ ಐತವಾರ, ಮಧ್ಯಾಹ್ನ ನನ್ನ ಹೆಂಡತಿ ಗೋಪಿಕಾಬಾಯಿ ಎಂದಿನಂಗ ನನ್ನ ತಾಟು ಹಾಕಿದ್ಲು. ನಾ ಬಾಗಲದಾಗ ಕೈಕಟ್ಟಿ ನಿಂತು, ನೀ ಮೊದಲು ಉಣ್ಣು, ನಾ ಬಡಸತೇನಿ ಅಂದೆ. ಆಕಿ ಸೌಟು ಕೆಳಗಿಟ್ಟು ನನ್ನ ಮಾರಿ ನೋಡಿದ್ಲು. ಮೂವತ್ತೊಂದು ವರ್ಷದಾಗ ಇಂಥಾ ಮಾತು ನನ್ನ ಬಾಯಿಂದ ಬಂದಿದ್ದು ಅದೇ ಮೊದಲು. ಧಾರವಾಡದಾಗ ಏನರೆ ಮಾಡಿಕೊಂಡು ಬಂದೀರೇನು ಅಂತ ಕೇಳಿದ್ಲು. ಇಲ್ಲ ಅಂದೆ. ಡಾಕ್ಟರ್ ಕಡೆ ಹೋಗಿದ್ರೇನು, ಅವರೇನಂದ್ರು ಅಂತ ಕೇಳಿದ್ಲು. ಯಾ ಡಾಕ್ಟರೂ ಇಲ್ಲ, ಇನ್ನ ಮ್ಯಾಲೆ ನಾ ಹಿಂಗ ಅಂದೆ. ಆಕಿ ಮತ್ತೇನೂ ಕೇಳದ ತಾಟಿನ ಮುಂದ ಕುಂತು, ಸಾವಕಾಶ, ಎರಡೆರಡು ಸಲ ಹಾಕಿಸಿಕೊಂಡು ಉಂಡ್ಲು. ಬದನಿಕಾಯಿ ಪಲ್ಯಾ ಆಕಿಗೇ ಮುಗೀತು. ನಾ ಮಜ್ಜಗಿ ಅನ್ನ ಉಂಡು, ಆಕಿ ಹೇಳಿದಂಗ ಎರಡೂ ತಾಟು ತೊಳದಿಟ್ಟೆ.

ಸೋಮವಾರ ಕಚೇರಿಗೆ ಹೋಗಿ, ನನ್ನ ಕುರ್ಚಿ ಬಿಟ್ಟು, ಬಾಗಲದ ಬಾಜೂಕಿದ್ದ ಶಂಕ್ರಪ್ಪನ ಸ್ಟೂಲಿನ ಮ್ಯಾಲೆ ಕುಂತೆ. ಶಂಕ್ರಪ್ಪ ನಮ್ಮ ಜವಾನ. ಹತ್ತೊಂಬತ್ತು ವರ್ಷದಿಂದ ಆ ಸ್ಟೂಲು ಅವಂದು. ಪಾಪ, ಆಂವ ಎಲ್ಲೆ ಕೂಡಬೇಕು? ನನ್ನ ಕುರ್ಚಿಮ್ಯಾಲೆ ಕೂಡು ಅಂದೆ. ಆಂವ ಗ್ವಾಡಿಗೆ ಅಂಟಿಕೊಂಡು ನಿಂತ. ಹತ್ತೂವರಿಗೆ ನಾನೇ ಹೋಗಿ ಎಲ್ಲಾರಿಗೂ ಚಹಾ ತಂದುಕೊಟ್ಟೆ. ಆಂವ ಕಪ್ಪು ಕೈಯಾಗ ಹಿಡಕೊಂಡು ಕುಡೀಲಿಲ್ಲ, ಅದು ಆರಿ ಕೆನಿ ಕಟ್ಟಿತು. ಮಧ್ಯಾಹ್ನದೊಳಗ ಕಚೇರಿ ತುಂಬ ಸುದ್ದಿ ಆತು. ಶಂಕ್ರಪ್ಪನ ಮ್ಯಾಲೆ ಏನೋ ಆದೇಶ ಬಂದದ, ಅದನ್ನ ಬಾಯಿಬಿಟ್ಟು ಹೇಳಲಿಕ್ಕಾಗದ ಸಾಹೇಬರು ಚಹಾ ಕೊಡಲಿಕ್ಕತ್ತಾರ ಅಂತ.

ಸಂಜಿಗೆ ಅವನ ಹೆಂಡತಿ ಮಂಜವ್ವ ಒಂದು ಚೀಲ ಸೌತಿಕಾಯಿ ಹೊತ್ತುಕೊಂಡು ನಮ್ಮ ಮನಿಗೆ ಬಂದು, ಕಟ್ಟಿಮ್ಯಾಲೆ ಕುಂತು ಕಣ್ಣೀರು ಹಾಕಿದ್ಲು. ನನ್ನ ಗಂಡ ಏನು ತಪ್ಪು ಮಾಡ್ಯಾನ ಹೇಳ್ರಿ, ಇಬ್ಬರೂ ಕಾಲಿಗೆ ಬೀಳತೇವಿ, ಆ ಸ್ಟೂಲು ಒಂದು ಕಸಗೋಬ್ಯಾಡ್ರಿ ಅಂತ. ನಾ ಆಕಿಗೆ ವಿನಯ ಅಂದ್ರೇನು, ನಾಯಕತ್ವ ಅಂದ್ರೇನು ಅಂತ ಅರ್ಧಾ ತಾಸು ತಿಳಿಸಿ ಹೇಳಿದೆ. ಆಕಿ ಎಲ್ಲಾ ಕೇಳಿ ಕಣ್ಣೊರಸಿಕೊಂಡ್ಲು.

'ಇದು ಎಷ್ಟು ದಿನದ ನೇಮ ಐತ್ರಿ, ಸಾಹೇಬ್ರ?' ಅಂದ್ಲು.

ನಾ ಉತ್ತರ ಹುಡುಕೋದರಾಗ, ಮಠದ ಆರಾಧನಿ ಮುಗಿಯೋತನಕ ಅಂತ ಅಡಗಿಮನಿಯಿಂದ ಗೋಪಿಕಾಬಾಯಿನೇ ಉತ್ತರ ಕೊಟ್ಟಳು. ಮಂಜವ್ವ ಸಮಾಧಾನ ಆಗಿ ಮನಿಗೆ ಹೋದ್ಲು.

ಓಣ್ಯಾಗ ಕಥಿ ಬ್ಯಾರೆನೇ ಆತು. ನಮ್ಮ ಎದುರಮನಿ ಅಲ್ಲಾಭಕ್ಷ ಒಂದು ಸಣ್ಣ ಗೂಡ್ಸ್ ಗಾಡಿ ಇಟ್ಟಾನ. ಅಕ್ಕಿಆಲೂರಿನ ಗಿರಣಿಯಿಂದ ಅಕ್ಕಿ ಚೀಲ ತರತಾನ, ಆರಾಧನಿಗೆ ಮಠಕ್ಕ ಬಾಳಿ ಎಲಿ ತರೋದೂ ಅವನ ಗಾಡಿನೇ. ಮೊದಲೆಲ್ಲಾ ಆಂವ ನಮಸ್ಕಾರ ಅಂದ್ರ ನಾ ತಲಿ ಒಂದೀಟು ಅಲುಗಾಡಸತಿದ್ದೆ. ಈಗ ನಾನೇ ಎರಡೂ ಕೈ ಮುಗಕೋತ ಓಣಿ ತುಂಬ ಹೊಂಟೆ. ನಾಕನೇ ದಿನಕ್ಕ ಅಲ್ಲಾಭಕ್ಷ ಗಾಡಿಯಿಂದ ಇಳದು ಬಂದು, ಪುರಸಭೆಗೆ ನಿಂತೀರೇನ್ರಿ ಅಂತ ಕೇಳಿದ. ದೊಡ್ಡ ಮನಷ್ಯಾರು ತಾವಾಗೇ ಕೈ ಮುಗಿಯೋದು ಅದೊಂದೇ ಕಾಲಕ್ಕಂತ. ಇಲ್ಲಪಾ ಅಂದೆ. ನಿಲ್ಲೋರೆಲ್ಲಾ ಮೊದಲು ಹಂಗ ಅಂತಾರ ಅಂತ ಓಣಿಯವರು ತಿಳಕೊಂಡ್ರು. ವಾರದೊಳಗ ಗಟಾರದ ಬಗ್ಗೆ ಮೂರು ಅರ್ಜಿ, ಬೀದಿ ದೀಪದ ಬಗ್ಗೆ ಒಂದು, ಹಂದಿ ಕಾಟದ ಬಗ್ಗೆ ಒಂದು ನಮ್ಮ ಮನಿಗೆ ಬಂದವು. ನಾ ಎಲ್ಲಾನೂ ವಿನಯದಿಂದ ತಗೊಂಡು ಕಪಾಟಿನ್ಯಾಗ ಇಟಗೊಂಡೆ.

ಇಷ್ಟಕ್ಕೇ ನಿಂತಿದ್ರ ನಗಿಚಾಟಿಕಿ ಆಗಿ ಮುಗೀತಿತ್ತು. ಆದ್ರ ಆರಾಧನಿ ಬಂತು.

ಮೂರನೇ ದಿನದ ಅನ್ನಸಂತರ್ಪಣಿ ಆ ವರ್ಷ ನಂದು. ಅವತ್ತೇ ಊಟ ಆದಮ್ಯಾಲೆ ಸಭಾ ಕೂಡಿ ಹೊಸ ಅಧ್ಯಕ್ಷನ್ನ ಆರಿಸೋದಿತ್ತು. ಎಲ್ಲಾ ದೇವರ ಇಚ್ಛಾ ಅಂತ ನಾ ಮಂದಿಗೆ ಹೇಳಕೋತ ತಿರಗತಿದ್ದೆ. ಎರಡೂ ಒಂದೇ ದಿನ ಬರೂಹಂಗ ಎರಡು ತಿಂಗಳ ಹಿಂದನೇ ಗೊತ್ತುಮಾಡಿದಾಂವ ಮಾತ್ರ ನಾನೇ.

ನಮ್ಮ ಪಂಕ್ತಿ ರೀತಿ ಗೊತ್ತಿಲ್ಲದವರಿಗೆ ಇಲ್ಲೆ ಒಂದು ಮಾತು ಹೇಳಬೇಕು. ಮುಂಜಾನೆ ದೇವರ ಮುಂದ ಯಾರ ಹೆಸರು, ಗೋತ್ರ ಹೇಳಿ ಸಂಕಲ್ಪ ಮಾಡಿರತಾರೋ ಆಂವ ಅವತ್ತಿನ ಯಜಮಾನ. ಮೊದಲನೇ ಎಲಿ ಅವಂದು. ಎಲ್ಲಾ ಎಲಿಗೂ ಅನ್ನ, ತೊವ್ವೆ, ತುಪ್ಪ ಬಿದ್ದಮ್ಯಾಲೆ ಆಂವ ತನ್ನ ಎಲಿ ಮುಂದ ಕುಂತು, ಕೃಷ್ಣಾರ್ಪಣ ಅಂತ ಒಂದು ಉದ್ಧರಣಿ ನೀರು ಬಿಟ್ಟು ಮೊದಲನೇ ತುತ್ತು ತಗೋಬೇಕು. ಆಮ್ಯಾಲೆ ಎಲ್ಲಾರೂ ಅಂಗೈಯಾಗ ಒಂದೀಟು ನೀರು ತಗೊಂಡು ಕುಡದು ಊಟ ಸುರು ಮಾಡತಾರ. ಆಂವ ನೀರು ಬಿಡೋತನಕ ಯಾರೂ ಒಂದು ಅಗಳು ಮುಟ್ಟಂಗಿಲ್ಲ, ಅವನ ಬದಲಿ ಇನ್ನೊಬ್ಬರು ಬಿಡಂಗಿಲ್ಲ. ಧಾರವಾಡದ ಆ ಕೋಟಿನಾಂವಗ ಇದು ಗೊತ್ತಿರಲಿಲ್ಲ, ಅವಂದು ತಪ್ಪಿಲ್ಲ. ನನಗ ಐದು ವರ್ಷದಾಂವ ಇದ್ದಾಗಿಂದ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

ಒಂದು ಗಂಟೆಕ್ಕ ನೂರಾ ನಲವತ್ತು ಎಲಿ ಹಾಕಿದ್ರು. ಹೊರಗ ಶ್ರಾವಣದ ಜಿಟಿಜಿಟಿ ಮಳಿ, ಒಳಗ ಕೋಸಂಬರಿ, ಪಲ್ಯಾ, ಚಿತ್ರಾನ್ನ, ಪಾಯಸ, ಅನ್ನ, ತೊವ್ವೆ, ತುಪ್ಪ ಎಲ್ಲಾ ಬಿತ್ತು. ಗದ್ದಲ ನಿಂತು ಎಲ್ಲಾರೂ ಮೊದಲನೇ ಎಲಿ ಕಡೆ ನೋಡಿದ್ರು. ಎಲಿ ಮುಂದ ಮಣಿ ಇತ್ತು, ಮಣಿಮ್ಯಾಲೆ ನಾ ಇರಲಿಲ್ಲ. ನಾ ಕಚ್ಚಿ ಬಿಗಿದು, ಸಾರಿನ ಬಕೇಟು ಹಿಡಕೊಂಡು, ಕಡೀ ಸಾಲಿನ್ಯಾಗ ಎಲ್ಲಾರಿಗೂ ಸಾವಕಾಶ ಊಟ ಮಾಡ್ರಿ, ಸಾವಕಾಶ ಊಟ ಮಾಡ್ರಿ ಅಂತ ಹೇಳಕೋತ ಹೊಂಟಿದ್ದೆ.

ಶ್ರೀರಾಮ ಬಂದು, ಜಯತೀರ್ಥ, ಕೂಡು ಬಾ, ನೀರು ಬಿಡು ಅಂದ. ನಾ ಒಲ್ಲೆ ಅಂದೆ. ನಾ ಬರೇ ಸೇವಕ, ಎಲ್ಲಾರದೂ ಆದಮ್ಯಾಲೆ ಒಂದು ಮೂಲ್ಯಾಗ ಉಣತೇನಿ, ಮೊದಲನೇ ಎಲಿಗೆ ನನಗೇನು ಯೋಗ್ಯತಾ ಅದ ಅಂದೆ. ಇದು ದೂರದ ಸಾಲಿಗೂ ಕೇಳೂಹಂಗೇ ಅಂದೆ.

ನನ್ನ ಮನಸ್ಸಿನ್ಯಾಗ ಒಂದು ಲೆಕ್ಕ ಇತ್ತು. ನಮ್ಮ ಕಡೆ ಹೋಳಿಗಿ ಇರಲಿ, ಕುರ್ಚಿ ಇರಲಿ, ಏನು ಕೊಟ್ಟರೂ ಮೊದಲು ಒಲ್ಲೆ ಅನ್ನಬೇಕು. ಕೊಡೋರು ಆಗ್ರಹ ಮಾಡಬೇಕು. ಮೂರನೇ ಸಲಕ್ಕ, ಇಷ್ಟು ಅನ್ನಲಿಕ್ಕತ್ತೀರಂತ ಅಂತ ಹೇಳಿ ಹ್ಞೂಂ ಅನ್ನಬೇಕು. ಮೊದಲನೇ ಸಲಕ್ಕೇ ಹ್ಞೂಂ ಅಂದಾಂವ ಆಸೆಬುರುಕ ಆಗತಾನ. ನಾ ಮೂರನೇದಕ್ಕ ಕೂಡಬೇಕಂತ ಗಟ್ಟಿ ಮಾಡಿದ್ದೆ.

ಎರಡನೇ ಸಲ ಮಠದ ಅರ್ಚಕರು ಬಂದು ಕರದ್ರು. ಒಲ್ಲೆ ಅಂದೆ. ಮೂರನೇ ಸಲ ಮೊದಲ ಸಾಲಿನ ಹಿರಿಯರೆಲ್ಲಾ ಕೂಡಿ ಕರದ್ರು. ಇನ್ನೇನು ಬಕೇಟು ಕೆಳಗಿಡಬೇಕು, ಸವಣೂರಿನಿಂದ ಯಾರದೋ ಬೀಗರು ಬಂದಿದ್ರು, ಅವರು ಬಾಜೂದವರಿಗೆ, ಎಂಥಾ ನಿಗರ್ವಿ ಮನಷ್ಯಾ ರೀ ಇವರು ಅಂದಿದ್ದು ನನ್ನ ಕಿವಿಗೆ ಬಿತ್ತು. ಐವತ್ತೇಳು ವರ್ಷದಾಗ ನನಗ ಯಾರೂ ಆ ಮಾತು ಅಂದಿರಲಿಲ್ಲ. ಬಕೇಟು ಮತ್ತ ಎತ್ತಿಕೊಂಡೆ. ನಾಕನೇ ಸಲಾನೂ ಒಲ್ಲೆ ಅಂದೆ. ಖರೇ ಹೇಳತೇನಿ, ಭಾಳ ಛಂದ ಅನಸಲಿಕ್ಕತ್ತಿತ್ತು.

ಅಲ್ಲಿಂದ ಮುಂದ ವಿಷಯ ನನ್ನ ಕೈಯಾಗ ಉಳೀಲಿಲ್ಲ. ಎರಡನೇ ಎಲಿಗೆ ಕುಂತಿದ್ದ ಹಿರಿಯರಿಗೆ ಇರಸುಮುರುಸಾತು. ಯಜಮಾನ ಬಕೇಟು ಹಿಡದು ನಿಂತಾಗ ನಾ ಕೂಡೋದು ಶೋಭಾ ಅಲ್ಲ ಅಂತ ಹೇಳಿ ಅವರು ಎದ್ದು, ತೊವ್ವೆ ಪಾತ್ರಿ ಹಿಡದ್ರು. ಅವರು ಎದ್ದಮ್ಯಾಲೆ ಮೂರನೇ ಎಲಿಯವರು ಹೆಂಗ ಕೂಡತಾರ? ಅವರು ಉಪ್ಪಿನಕಾಯಿ ಹಿಡದ್ರು. ನೋಡನೋಡೋದರಾಗ ಊರಿನ ಒಂಬತ್ತು ಮಂದಿ ದೊಡ್ಡವರು ಸೌಟು ಹಿಡಕೊಂಡು ಸಾಲಿನ ನಡುವ ಒಬ್ಬರಿಗೊಬ್ಬರು ಡಿಕ್ಕಿ ಹೊಡಕೋತ, ತಾವು ಕೂಡ್ರಿ, ಛೇ ಛೇ, ತಾವು ಕೂಡ್ರಿ ಅಂತ ತಿರಗಲಿಕ್ಕತ್ತಿದ್ರು. ಒಂದೊಂದು ಎಲಿಗೆ ನಾಕು ನಾಕು ಸಲ ಉಪ್ಪಿನಕಾಯಿ ಬಿತ್ತು. ಹಪ್ಪಳ ಮೆತ್ತಗಾತು. ತುಪ್ಪ ಅನ್ನದ ಮ್ಯಾಲೆ ಗಟ್ಟಿಯಾತು. ಬಡಸೋರು ಹೆಚ್ಚಾದ್ರು, ಉಣ್ಣೋರು ಮಾತ್ರ ಒಬ್ಬರೂ ಇಲ್ಲ. ಒಂದೂಮುಕ್ಕಾಲು ಆಗಿತ್ತು.

ನಡುಸಾಲಿನ್ಯಾಗ, ಕಂಬದ ಬಾಜೂಕ, ಸುಯಮೀಂದ್ರಾಚಾರ್ಯರು ಕುಂತಿದ್ರು. ಎಂಬತ್ತರ ಹತ್ರದವರು, ಸಾಲ್ಯಾಗ ನನಗ ಸಂಸ್ಕೃತ ಕಲಿಸಿದವರು. ನಮ್ಮೂರಾಗ ಅವರಷ್ಟು ಓದಿಕೊಂಡವರು ಇನ್ನೊಬ್ಬರಿಲ್ಲ. ಆದ್ರ ಪಂಕ್ತಿಗೆ ಬಂದ್ರ ಎಲ್ಲೆ ಜಾಗ ಇರತದೋ ಅಲ್ಲೆ ಕುಂತುಬಿಡತಾರ, ಯಾರೂ ಕರದು ಮುಂದ ಕೂಡಿಸಬೇಕಾಗಿಲ್ಲ. ಅವರಿಗೆ ಸಕ್ಕರಿ ರೋಗ. ಒಂದಕ್ಕ ಊಟ ಅಂತ ತಿಳದು ಹನ್ನೆರಡೂವರಿಗೇ ಇನ್ಸುಲಿನ್ ಸೂಜಿ ಚುಚ್ಚಿಕೊಂಡು ಬಂದಿದ್ರು. ಸೂಜಿ ತಗೊಂಡಮ್ಯಾಲೆ ಅರ್ಧಾ ತಾಸಿನ್ಯಾಗ ಹೊಟ್ಟಿಗೆ ಬೀಳಲಿಲ್ಲಂದ್ರ ಜೀವಕ್ಕೇ ಅಪಾಯ. ಇದು ನನಗ ಆಮ್ಯಾಲೆ ತಿಳೀತು, ನಿಮಗ ಈಗೇ ಹೇಳತೇನಿ. ಅವರ ಮುಂದ ಪಾಯಸ ಇತ್ತು. ಕೈ ಚಾಚಿ ಒಂದು ಬೆರಳು ನೆಕ್ಕಿದ್ರೂ ಸಾಕಿತ್ತು. ಯಜಮಾನ ನೀರು ಬಿಟ್ಟಿಲ್ಲ ಅಂತ ಅವರು ಕೈ ತೊಡಿಮ್ಯಾಲೆ ಇಟಗೊಂಡು ಕುಂತಿದ್ರು.

ನಾ ಬಕೇಟು ಹಿಡಕೊಂಡು ಅವರ ಮುಂದಿಂದ ಹಾಯ್ದು ಹೋಗೋವಾಗ ಮೆಲ್ಲಗ ಕರದ್ರು.

'ಹೊತ್ತಾತಲ್ಲೋ, ಜಯತೀರ್ಥ.'

ನಾ ಬಗ್ಗಿ ಕೈ ಮುಗದು, ತಾವೇ ನೀರು ಬಿಡ್ರಿ ಆಚಾರ್ಯರ, ತಮ್ಮ ಮುಂದ ನಾ ಎಷ್ಟರಾಂವ ಅಂದೆ. ಸವಣೂರಿನ ಬೀಗರು ನೋಡಲಿಕ್ಕತ್ತಾರೋ ಇಲ್ಲೋ ಅಂತ ಓರೆಗಣ್ಣಿಲೆ ನೋಡಿಕೊಂಡೇ ಅಂದೆ.

'ಸಂಕಲ್ಪ ನಿಂದದಪಾ,' ಅಂದ್ರು ಅವರು, ನಕ್ಕೋತ. ಹಣಿಮ್ಯಾಲೆ ಬೆವರಿತ್ತು. ಮಳಿ ದಿನದಾಗ ಇವರಿಗ್ಯಾಕ ಬೆವರು ಅಂತ ನನಗ ಹೊಳೀಲಿಲ್ಲ. ನಾ ಮುಂದ ಹೋದೆ.

ಹತ್ತು ಮಿನಿಟಿನ್ಯಾಗ ಅವರು ಕಂಬಕ್ಕ ಒರಗಿ, ಹಂಗೇ ಜಾರಿ, ಎಲಿಮ್ಯಾಲೆ ಬಿದ್ರು.

ಮಂದಿ ಎದ್ದು ನಿಂತ್ರು. ಒಬ್ಬರು ಗಾಳಿ ಹಾಕ್ರಿ ಅಂದ್ರು, ಇನ್ನೊಬ್ಬರು ನೀರು ಚಿಮಕಸ್ರಿ ಅಂದ್ರು, ಎಲ್ಲಾರೂ ಇನ್ನೊಬ್ಬರು ಮಾಡಲಿ ಅಂತ ಹೇಳೋರೇ. ನಾ ಬಕೇಟು ಹಿಡಕೊಂಡು ನಿಂತಿದ್ದೆ. ಅಷ್ಟೊತ್ತಿಗೆ ಅಡಗಿಮನಿ ಬಾಗಲದಿಂದ ಗೋಪಿಕಾಬಾಯಿ ಬಂದ್ಲು, ಆಚಾರ್ಯರ ರೋಗ ಆಕಿಗೆ ಗೊತ್ತಿತ್ತು. ಮುಂಜಾನಿಂದ ಒಲಿ ಮುಂದ ನಿಂತಾಕಿ, ಹೆಂಗಸರ ಪಂಕ್ತಿ ಎರಡನೇದು, ಆಕಿ ಹೊಟ್ಟಿಗೂ ಏನೂ ಬಿದ್ದಿರಲಿಲ್ಲ. ಗಂಡಸರ ಸಾಲಿನ ನಡುವ ಹಾಯ್ದು ಬಂದು, ಆಚಾರ್ಯರ ತಲಿ ಎತ್ತಿ, ಸೆರಗಿನ್ಯಾಗ ತಂದಿದ್ದ ಬೆಲ್ಲ ಪುಡಿ ಮಾಡಿ ಅವರ ನಾಲಿಗಿಮ್ಯಾಲೆ ಇಟ್ಲು. ಅವರು ನುಂಗೋತನಕ ಗಲ್ಲಾ ಹಿಡಕೊಂಡು ಕುಂತ್ಲು. ಆಮ್ಯಾಲೆ ಅಲ್ಲೇ ಇದ್ದ ತಂಬಗಿ ಎತ್ತಿ ಒಂದು ಗುಟುಕು ನೀರು ನೆಲಕ್ಕ ಬಿಟ್ಲು.

'ಕೃಷ್ಣಾರ್ಪಣ. ಎಲ್ಲಾರೂ ಕುಂತು ಉಣ್ಣರಿ,' ಅಂದ್ಲು. ದನಿ ಏರಿಸಲಿಲ್ಲ.

ನೂರಾ ಮೂವತ್ತೆಂಟು ಮಂದಿ ಕುಂತು ಉಂಡ್ರು. ಹೆಣ್ಮಗಳು ನೀರು ಬಿಡೋದು ಶಾಸ್ತ್ರದಾಗ ಅದ ಏನು ಅಂತ ಕೇಳೋ ಪಂಡಿತರು ಅಲ್ಲೆ ಹನ್ನೆರಡು ಮಂದಿ ಇದ್ರು. ಹನ್ನೆರಡೂ ಮಂದಿ ಬಾಯಾಗ ತುತ್ತು ಇತ್ತು.

ಅಲ್ಲಾಭಕ್ಷ ಎರಡನೇ ಪಂಕ್ತಿಗೆ ಎಲಿ ತಂದು ಹೊರಗ ನಿಂತಿದ್ದ. ಎಲಿ ಎಲ್ಲಾ ಕಟ್ಟಿಮ್ಯಾಲೆ ಇಳಿಸಿ, ಗಾಡ್ಯಾಗ ಒಂದು ಜಮಖಾನ ಹಾಸಿದ. ಮುಂದ ಕೂಡ್ರಿ ಅಂತ ನನಗ ಯಾರೂ ಅನ್ನಲಿಲ್ಲ, ನಾನೂ ಒಲ್ಲೆ ಅನ್ನಲಿಲ್ಲ, ಹಿಂದ ಹತ್ತಿ ಆಚಾರ್ಯರ ತಲಿ ತೊಡಿಮ್ಯಾಲೆ ಇಟಗೊಂಡೆ. ಅವರ ಮಾರಿಗೆ ಪಾಯಸ ಮೆತ್ತಿತ್ತು. ನನ್ನ ಶಲ್ಯೆದಿಂದ ಒರಸಿದೆ. ಎಂಟನೇ ಇಯತ್ತೆಯೊಳಗ ನನ್ನ ಕೈ ಹಿಡದು ಸಂಸ್ಕೃತದ ಅಕ್ಷರ ತಿದ್ದಿಸಿದವರು ಅವರು. ತಾಡಪತ್ರಿ ಸೋರಿ ನನ್ನ ಬೆನ್ನಿಗೆ ನೀರು ಬೀಳತಿತ್ತು, ನನಗ ಮಾರಿ ಎತ್ತಿ ಹೊರಗ ನೋಡಲಿಕ್ಕೆ ನಾಚಿಕಿ ಬಂತು.

ದವಾಖಾನ್ಯಾಗ ಡಾಕ್ಟರ್ ಗುಲ್ನಾಜ ಅಂತ ಇದ್ರು, ತರುಣಿ. ಸೆಲಾಯಿನ್ ಹಚ್ಚಿ, ರಕ್ತ ನೋಡಿ, ಬೆಲ್ಲ ಕೊಟ್ಟವರು ಯಾರು, ಛೊಲೋ ಮಾಡ್ಯಾರ, ಇಲ್ಲಂದ್ರ ಇವರು ಉಳೀತಿದ್ದಿಲ್ಲ ಅಂದ್ರು. ಆಮ್ಯಾಲೆ ಕಾಗದ ತಗೊಂಡು ನನ್ನ ಕಡೆ ತಿರಗಿದ್ರು. ಸೂಜಿ ತಗೊಂಡು ತಾಸೂವರಿ ಉಪಾಸ ಯಾಕ ಕುಂತಿದ್ರು, ಊಟ ಇರಲಿಲ್ಲೇನು ಅಂತ ಕೇಳಿದ್ರು.

'ಇತ್ರಿ. ಮುಂದ ಬಡಿಸಿತ್ತು.'

'ಮತ್ತ ಯಾರಿಗೆ ಕಾಯಾಕತ್ತಿದ್ರು?'

'ನನಗ್ರಿ.'

'ನೀವು ಎಲ್ಲೆ ಹೋಗಿದ್ರಿ?'

'ಅಲ್ಲೇ ಇದ್ದೆರಿ. ಸಾರಿನ ಬಕೇಟು ಹಿಡಕೊಂಡು.'

ಅವರು ಪೆನ್ನು ಎತ್ತಿ ಹಿಡದು ನನ್ನ ನೋಡಿದ್ರು. ಇದನ್ನ ಕಾಗದದ ಮ್ಯಾಲೆ ಯಾ ಕಾಲಮ್ಮಿನ್ಯಾಗ ಬರೀಬೇಕಂತ ಅವರಿಗೆ ತಿಳೀಲಿಲ್ಲ. ಬಾಗಲದಾಗ ನಿಂತಿದ್ದ ಅಲ್ಲಾಭಕ್ಷ ತಲಿ ತಗ್ಗಿಸಿ ಹೊರಗ ಹೋದ. ಅಂವ ನಕ್ಕಿದ್ರ ಛೊಲೋ ಇತ್ತು.

ನಾಕು ಗಂಟೆಕ್ಕ ಶ್ರೀರಾಮನ ಫೋನ್ ಬಂತು. ಸಭಾ ಮುಗೀತು, ನೀನೇ ಅಧ್ಯಕ್ಷ, ಒಬ್ಬರೂ ವಿರೋಧ ಇಲ್ಲ ಅಂದ. ನಿನ್ನ ಬಗ್ಗೆ ನಾ ತಪ್ಪು ತಿಳದಿದ್ದೆ ಅಂತ ಎಲ್ಲಾರ ಮುಂದ ಹೇಳಿಕೊಂಡನಂತ. ಮೊದಲನೇ ಎಲಿ ಬಿಟ್ಟು, ತನ್ನ ಊಟ ಬಿಟ್ಟು, ಗೂಡ್ಸ್ ಗಾಡಿ ಹಿಂದ ಕುಂತು ಮುದುಕರನ್ನ ದವಾಖಾನಿಗೆ ಒಯ್ದಾಂವ ಇನ್ನೊಬ್ಬ ಎಲ್ಲಿ ಸಿಗತಾನ ಅಂತ ಸವಣೂರಿನ ಬೀಗರು ಭಾಷಣಾನೂ ಮಾಡಿದ್ರಂತ.

ನಾ ಖರೇನೇ ಹೇಳಿದೆ. ಶ್ರೀರಾಮ, ಇದೆಲ್ಲಾ ನಾ ತೋರಿಕಿಗೆ ಮಾಡಿದ್ದು, ನಾ ನೀರು ಬಿಡಲಿಲ್ಲಂತನೇ ಅವರು ಬಿದ್ರು, ನನಗ ಆ ಕುರ್ಚಿಗೆ ಯೋಗ್ಯತಾ ಇಲ್ಲ ಅಂದೆ. ಅತ್ತಲಾಗ ಆಂವ ಫೋನ್ ಸ್ಪೀಕರಿಗೆ ಹಾಕಿದ್ದ. ಸಭಾಕ್ಕ ಸಭಾನೇ ಚಪ್ಪಾಳಿ ಹೊಡೀತು. ನೋಡ್ರಿ, ಈಗೂ ತಪ್ಪು ತಂದೇ ಅಂತಾನ ಅಂತ ಯಾರೋ ಅಂದಿದ್ದು ಕೇಳಿಸ್ತು. ನಾ ಮತ್ತ ಬ್ಯಾಡ ಅಂದೆ, ಚಪ್ಪಾಳಿ ಇನ್ನೂ ಜೋರಾತು. ಇಡೀ ಜನ್ಮದಾಗ ನಾ ಆಡಿದ ಒಂದೇ ಒಂದು ಖರೇ ಮಾತು ಅದು, ಅದನ್ನ ನಂಬೋರು ಒಬ್ಬರೂ ಇರಲಿಲ್ಲ. ಫೋನ್ ಬಂದ್ ಮಾಡಿ ಬೆಂಚಿನ ಮ್ಯಾಲೆ ಕುಂತೆ. ಸಮಿತಿ ವಾಟ್ಸಾಪಿನ್ಯಾಗ ಕೈ ಮುಗದ ಚಿತ್ರ ಒಂದರ ಮ್ಯಾಲೊಂದು ಬೀಳಲಿಕ್ಕತ್ತಿದ್ವು.

ಐದರ ಸುಮಾರಿಗೆ ಗೋಪಿಕಾಬಾಯಿ ಒಂದು ಡಬ್ಬಿ, ಮೂರು ಎಲಿ ತಗೊಂಡು ಬಂದ್ಲು. ಆಚಾರ್ಯರು ಎಚ್ಚರಾಗಿ, ದಿಂಬಿಗೆ ಒರಗಿ ಕುಂತಿದ್ರು. ಈಗ ಉಣಬಹುದಂತ ಡಾಕ್ಟರೂ ಹೇಳಿ ಹೋಗಿದ್ರು. ದವಾಖಾನ್ಯಾಗ ಮಡಿ ಹೆಂಗ ಅಂತ ಗೋಪಿಕಾಬಾಯಿ ಹಿಂದಮುಂದ ನೋಡಿದ್ಲು. ದೇವರಿಗೂ ಸಕ್ಕರಿ ರೋಗ ಗೊತ್ತದ ತಾಯಿ, ಬಡಸು ಅಂದ್ರು ಅವರು. ಆಕಿ ಅವರ ಮಂಚದ ಮ್ಯಾಲೆ ಒಂದು ಎಲಿ, ಬಾಜೂದ ಸ್ಟೂಲಿನ ಮ್ಯಾಲೆ ನನಗೊಂದು, ತನಗೊಂದು ಹಾಕಿ ಅನ್ನ, ತೊವ್ವೆ ಬಡಿಸಿದ್ಲು.

ನಾ ಅವರ ಕಾಲ ಹತ್ರ ನಿಂತು, ತಪ್ಪಾತು ಆಚಾರ್ಯರ ಅಂದೆ.

ಅವರು ನನ್ನ ಮಾತಿಗೆ ಕಿವಿಗೊಟ್ಟಂಗ ಕಾಣಲಿಲ್ಲ. ಬಲಗೈಯಾಗ ನೀರು ಹಾಕಿಸಿಕೊಂಡು, ಆ ಕೈ ಹಂಗೇ ಎತ್ತಿ ಹಿಡದು ಸುಮ್ಮನ ಕುಂತ್ರು. ಏನೋ ಮಂತ್ರ ಹೇಳಲಿಕ್ಕತ್ತಾರಂತ ನಾ ಕಾದೆ. ತುಟಿ ಅಲುಗಾಡತಿರಲಿಲ್ಲ.

'ಊಟ ಮಾಡ್ರಿ, ಆಚಾರ್ಯರ,' ಅಂದೆ.

'ನೀ ಇನ್ನೂ ನೀರು ಬಿಟ್ಟಿಲ್ಲಲ್ಲೋ.'

ಗೋಪಿಕಾ ಬಿಟ್ಲಲ್ಲರಿ ಅಂದೆ. ಅದು ಉಳದವರ ಹಸಿವಿಗೆ ಬಿಟ್ಟಿದ್ದು, ಪಾಪ, ಆಕಿ ಬಿಡದಿದ್ರ ಯಾರು ಬಿಡಬೇಕಿತ್ತು ಅಂದ್ರು. ಸಂಕಲ್ಪ ನಿಂದು, ನೀ ಉಂಡಿಲ್ಲಂದ್ರ ಇವತ್ತಿನ ಪಂಕ್ತಿ ಮುಗದಂಗಲ್ಲ ಅಂದ್ರು. ರೂಢಿ ನೋಡ್ರಿ, ಇಷ್ಟಾದ್ರೂ ನನ್ನ ಬಾಯಿ, ತಮ್ಮ ಮುಂದ ನಾ ಹೆಂಗ ಮೊದಲು ಅಂತ ಸುರು ಮಾಡೇಬಿಡ್ತು.

ಅವರು ಸಿಟ್ಟಾಗಲಿಲ್ಲ. ಸಾಲ್ಯಾಗ ವಿಭಕ್ತಿ ತಪ್ಪಿದಾಂವಗ ಹೇಳತಿದ್ದ ದನಿಯೊಳಗೇ ಹೇಳಿದ್ರು.

'ಯಜಮಾನಗ ಹಸಿವು ಆಗಿರಲಿಕ್ಕಿಲ್ಲಪಾ. ಉಳದವರಿಗೆ ಆಗಿರತದ. ಅದಕ್ಕ ಅಂವ ಮೊದಲು ಉಣಬೇಕು.'

ಸೂಜಿ ಚುಚ್ಚಿದ್ದ ಆ ಕೈ ಇನ್ನೂ ಹಂಗೇ ಎತ್ತಿ ಹಿಡದಿದ್ರು. ಬೆರಳ ಸಂದಿಯಿಂದ ನೀರು ಸೋರಿ ಹಾಸಿಗಿ ತೋಯಲಿಕ್ಕತ್ತಿತ್ತು. ಮುಂದ ಅನ್ನ ಇಟಗೊಂಡು, ಅವರು ಎರಡನೇ ಸಲ ನನ್ನ ಹಾದಿ ಕಾಯಲಿಕ್ಕತ್ತಿದ್ರು. ನೋಡೋರು ಅಲ್ಲೆ ಯಾರೂ ಇರಲಿಲ್ಲ.

ನಾ ಸ್ಟೂಲಿನ ಮುಂದ ನೆಲದ ಮ್ಯಾಲೆ ಕುಂತು, ತಂಬಗಿ ಎತ್ತಿ ನೀರು ಬಿಟ್ಟೆ. ಕೃಷ್ಣಾರ್ಪಣ ಅಂದೆ, ನನಗಷ್ಟೇ ಕೇಳೂಹಂಗ. ಮೊದಲನೇ ತುತ್ತು ಬಾಯಿಗಿಟ್ಟೆ. ಗಂಟಲಾಗ ಇಳೀಲಿಲ್ಲ, ಕಣ್ಣಾಗಿನ ನೀರು ಅದರೊಳಗೇ ಬಿತ್ತು. ಆಚಾರ್ಯರೂ ಗೋಪಿಕಾಬಾಯಿನೂ ಇಬ್ಬರೂ ನನ್ನ ಗಂಟಲಾನೇ ನೋಡಿಕೋತ ಕುಂತಿದ್ರು.

ನಾ ನುಂಗಿದೆ. ಆಮ್ಯಾಲೆ ಅವರು ಉಂಡ್ರು.